ಹೊಸ ಗಾಡಿಗೆ ಹಳೆಯ ಎಂಜಿನ್

(ಹಲಸಿಯಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಇಲ್ಲಿಗೆ ಕರೆದದ್ದು ಮಣ್ಣಿನ ಸವಕಳಿಯ ಕುರಿತು ಮಾತನಾಡಲೆಂದು. ಆದರೆ ಕಳೆದ ಮಳೆಗಾಲದಿಂದೀಚೆಗೆ ನಮ್ಮಲ್ಲಿ ನಾಲ್ಕು ಜನ ಕೂಡಿದ ಕಡೆಯಲ್ಲೆಲ್ಲ ಚರ್ಚೆಗೆ ಬರುತ್ತಿರುವುದು ಮಣ್ಣಲ್ಲ, ಒಂದು ಪಿಕಪ್ ಗಾಡಿ. ಅದರ ಎಂಜಿನ್ ತೆಗೆದು ಗುಜರಿಯಲ್ಲಿ ಸಿಕ್ಕಿದ ಹಳೆಯ ಎಂಜಿನ್ ಕೂರಿಸಬೇಕೋ ಬೇಡವೋ ಎಂಬ ಪ್ರಶ್ನೆ ಐದು ಮನೆಗಳ ಒಳಜಗಳವಾಗಿ ಆರಂಭವಾಗಿ ಈಗ ಇಡೀ ಬಳಗದ ವಾದವಾಗಿ ಬೆಳೆದಿದೆ. ಪರಿಸರದ ಹೆಸರು ಹೇಳುವ ನಾವು ಇದಕ್ಕೆ ಉತ್ತರ ಕೊಡದೆ ಮಣ್ಣಿನ ಮಾತು ಆಡಿದರೆ ನೀವು ಕೇಳುವುದಿಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದ ಇಂದು ಎಂಜಿನ್ನಿನ ಮಾತನ್ನೇ ಆಡುತ್ತೇನೆ. ನಾನು ಯಂತ್ರಶಾಸ್ತ್ರ ಓದಿದವನಲ್ಲ, ಕೃಷಿ ವಿಜ್ಞಾನದವನು. ಆದರೆ ಆ ಗಾಡಿಯಲ್ಲಿ ಐದರಲ್ಲಿ ಒಂದು ಪಾಲು ನನ್ನದೂ ಹೌದು.

ನಡೆದದ್ದನ್ನು ಮೊದಲು ಹೇಳುತ್ತೇನೆ. ನಾವು ಐದು ಮನೆಯವರು ಸೇರಿ 2018ರ ಮಾದರಿಯ ಒಂದು ಡೀಸೆಲ್ ಪಿಕಪ್ಪನ್ನು ಎರಡನೇ ಕೈಯಲ್ಲಿ ಕೊಂಡೆವು. ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಭತ್ತ, ಗೆಣಸು, ಗೋಡಂಬಿ, ಬೆಲ್ಲ, ಹಿಂಡಿ, ಗೊಬ್ಬರ ಎಲ್ಲವೂ ಅದರಲ್ಲೇ. ಖಾನಾಪುರ ಇಲ್ಲಿಂದ ಸುಮಾರು 14 ಕಿಲೋಮೀಟರ್. ಹಗಲಿನಲ್ಲಿ ಬಸ್ಸು ಉಂಟು, ರಾತ್ರಿ ಏನಾದರೂ ಆದರೆ ಆ ಗಾಡಿಯೇ ಗತಿ. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದೆಂಬ ಕಾನೂನು ನನಗೂ ಗೊತ್ತು, ನಿಮಗೂ ಗೊತ್ತು. ರಾತ್ರಿ ಎರಡು ಗಂಟೆಗೆ ಹೊಟ್ಟೆ ಹಿಡಿದುಕೊಂಡು ನರಳುವವರ ಮುಂದೆ ಆ ಕಾನೂನನ್ನು ಓದಿ ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಂಥದೇ ಕೆಲಸಕ್ಕೆ ಹೊರಟ ಗಾಡಿ ನಂದಗಡದ ಈಚೆಯಲ್ಲಿ ನಿಂತಿತು. ಎಂಜಿನ್ ಚಾಲೂ ಆಗುತ್ತದೆ, ವೇಗ ಮಾತ್ರ ಏರುವುದಿಲ್ಲ. ಮುಂದಿನ ಫಲಕದಲ್ಲಿ ಹಳದಿ ದೀಪ ಉರಿಯುತ್ತಿದೆ. ಇನ್ನೊಂದು ಗಾಡಿ ಬರುವವರೆಗೆ ಬಸುರಿ ಹೆಣ್ಣುಮಗಳು ಮಳೆಯಲ್ಲಿ ತಾಡಪತ್ರಿಯ ಕೆಳಗೆ ಮುಕ್ಕಾಲು ಗಂಟೆ ಕುಳಿತಿದ್ದಳು. ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದಾರೆ. ಆದರೆ ಆ ಮುಕ್ಕಾಲು ಗಂಟೆಯನ್ನು ನಮ್ಮಲ್ಲಿ ಯಾರೂ ಮರೆತಿಲ್ಲ.

ಗಾಡಿಯನ್ನು ಎಳೆಸಿಕೊಂಡು ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿ ಎರಡು ಇಂಜೆಕ್ಟರ್ ಬದಲಾಯಿಸಿದರು. ಬಿಲ್ಲು ನೋಡಿ ನಮ್ಮ ಪಾಲುದಾರರೊಬ್ಬರು ಒಂದು ಎಮ್ಮೆ ಹೋಯಿತು ಎಂದರು. ಹತ್ತು ದಿನಗಳಲ್ಲಿ ಅದೇ ದೀಪ ಮತ್ತೆ ಹತ್ತಿಕೊಂಡಿತು. ಆಗ ನಮ್ಮ ಊರ ಕಡೆಯ ಮಿಸ್ತ್ರಿ ಹೇಳಿದ ಮಾತು ಇದು: "ಸರ, ಈ ಕಂಪ್ಯೂಟರ್ ಗಾಡಿ ನಮ್ಮ ಮಳಿಗೆ ತಡಿಯೂದಿಲ್ಲ. ಇದನ್ನ ತಗದು ಹಳೇ ಪಂಪಿನ ಎಂಜಿನ್ ಕುಂದರಿಸಿ ಬಿಡೂಣು. ಆಮ್ಯಾಲೆ ನೀವೂ ಆರಾಮ, ನಾನೂ ಆರಾಮ." ಎಂಜಿನ್ ಕೂಡ ಆತ ನೋಡಿಟ್ಟಿದ್ದ. ಅಪಘಾತದಲ್ಲಿ ನುಜ್ಜುಗುಜ್ಜಾದ 2012ರ ಒಂದು ಪಿಕಪ್ಪಿನದು. ನಾಲ್ಕು ಹೊಸ ಇಂಜೆಕ್ಟರುಗಳ ಬೆಲೆಗಿಂತ ಆ ಇಡೀ ಎಂಜಿನ್ನಿನ ಬೆಲೆ ಕಡಿಮೆ.

ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವವರಿಗೆ ಒಂದೆರಡು ಸಂಗತಿಗಳನ್ನು ನೆನಪಿಸಬೇಕು. ಎಂಜಿನ್ ಬದಲಾಯಿಸುವುದು ನಮ್ಮ ನಾಡಿಗೆ ಹೊಸತಲ್ಲ. ನನ್ನ ಬಾಲ್ಯದಲ್ಲಿ ನಮ್ಮ ತಂದೆಯವರ ಬಳಿ ಹರಾಜಿನಲ್ಲಿ ಕೊಂಡ ಒಂದು ಮಿಲಿಟರಿ ಜೀಪು ಇತ್ತು. ಅದರ ಪೆಟ್ರೋಲ್ ದಾಹವನ್ನು ತಾಳಲಾರದೆ ಬೆಳಗಾವಿಯಲ್ಲಿ ಡೀಸೆಲ್ ಎಂಜಿನ್ ಕೂರಿಸಿಕೊಂಡು ಬಂದರು. ಆಗ ನೋಂದಣಿ ಅಧಿಕಾರಿಯ ಅನುಮತಿ ಪಡೆದು ಹಾಗೆ ಮಾಡಲು ಅವಕಾಶವಿತ್ತು, ಆರ್.ಸಿ. ಪುಸ್ತಕದಲ್ಲಿ ಬದಲಾವಣೆ ದಾಖಲಾಗಿಯೂ ಇತ್ತು. ಆ ಕಾಲದಲ್ಲಿ ಅಂಬಾಸಿಡರ್ ಕಾರುಗಳಿಗೆ ಮಟಡೋರ್ ವ್ಯಾನಿನ ಎಂಜಿನ್ ಹಾಕಿಸಿದವರು ದೇಶದ ತುಂಬ ಇದ್ದರು. ಮಹೀಂದ್ರಾದವರು ತಮ್ಮ ಜೀಪುಗಳಿಗೆ ಫ್ರಾನ್ಸಿನ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್ ಅಳವಡಿಸಿದ್ದನ್ನೂ, ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ವಂಶದ 2523 ಸಿಸಿ ಎಂಜಿನ್ನನ್ನು ಪಿಕಪ್ಪಿಗೆ ತಂದದ್ದನ್ನೂ ಹಳೆಯ ಮಿಸ್ತ್ರಿಗಳು ಕುಲಪುರಾಣದಂತೆ ಹೇಳಬಲ್ಲರು. ಉತ್ತ ಹೊಲದಲ್ಲೂ ಸರಕು ಹೊರುವ ಗಾಡಿಯಲ್ಲೂ ಒಂದೇ ಮನೆತನದ ಎಂಜಿನ್ ಗುಡುಗಿದ್ದರಿಂದ, ಟ್ರ್ಯಾಕ್ಟರ್ ಬಿಚ್ಚಬಲ್ಲವನು ಪಿಕಪ್ಪನ್ನೂ ಬಿಚ್ಚಬಲ್ಲವನಾದ.

ಅದರಲ್ಲಿಯೂ ಬೆಳಗಾವಿ ಸೀಮೆಯವರಾದ ನಮಗೆ ಎರಕದ ಕಬ್ಬಿಣ ಪರಕೀಯವಲ್ಲ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕ ಹೊಯ್ಯುವವರಲ್ಲಿ ನಮ್ಮ ತಾಲ್ಲೂಕಿನ ಮಕ್ಕಳೂ ಇದ್ದಾರೆ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳಿಗೆ ಬಂದರು. ಆ ನೇಗಿಲನ್ನು ರೈತರು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೆಂಬ ಭಯ ಒಂದು ಕಡೆ. ಮುರಿದರೆ ಊರಲ್ಲಿ ರಿಪೇರಿ ಮಾಡುವವರು ಯಾರೆಂಬ ಪ್ರಶ್ನೆಯೂ ರೈತನಿಗೆ ಇದ್ದೇ ಇರುತ್ತದೆ. ಹೊಸ ಯಂತ್ರವನ್ನು ಕುರಿತ ಆ ಎರಡನೆಯ ಪ್ರಶ್ನೆ ಇಂದಿಗೂ ಹಾಗೆಯೇ ಇದೆ.

ಹಳೆಯ ಡೀಸೆಲ್ ಎಂಜಿನ್ನಿನ ಸೊಗಸು ಅದರ ಮೊಂಡುತನದಲ್ಲಿದೆ. ಎಂಜಿನ್ನಿನ ಹಲ್ಲುಚಕ್ರವೇ ಪಂಪನ್ನು ತಿರುಗಿಸುತ್ತದೆ, ಪಂಪು ಡೀಸೆಲನ್ನು ಒತ್ತುತ್ತದೆ, ಸುಮಾರು 200 ಬಾರ್ ಒತ್ತಡಕ್ಕೆ ನಾಝಲಿನ ಸ್ಪ್ರಿಂಗು ಸೋತು ಬಾಯಿ ತೆರೆಯುತ್ತದೆ. ಇದರಲ್ಲಿ ವಿದ್ಯುತ್ತಿನ ಪಾತ್ರ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಟರಿ ಸತ್ತರೂ ಇಳಿಜಾರಿನಲ್ಲಿ ತಳ್ಳಿದರೆ ಹೊರಡುತ್ತದೆ. ಗಾಳಿ ಹೊಕ್ಕಿದರೆ ಒಂದು ಸ್ಪ್ಯಾನರಿನಿಂದ ನಟ್ಟು ಸಡಿಲಿಸಿ ಕೈಪಂಪು ಒತ್ತಿ ಗಾಳಿ ತೆಗೆಯಬಹುದು. ಅದನ್ನು ಹತ್ತು ವರ್ಷದ ಹುಡುಗನಾಗಿದ್ದಾಗ ನಾನೇ ಮಾಡಿದ್ದೇನೆ. ಹೊಸ ಎಂಜಿನ್ನಿನಲ್ಲಿ ಡೀಸೆಲ್ ಮೊದಲು ಒಂದು ಸಾಮಾನ್ಯ ಕೊಳವೆಯಲ್ಲಿ 1,000 ಬಾರ್ ಮೀರಿದ ಒತ್ತಡದಲ್ಲಿ ಕಾಯುತ್ತಿರುತ್ತದೆ. ಯಾವ ಕ್ಷಣದಲ್ಲಿ, ಎಷ್ಟು ಹೊತ್ತು, ಎಷ್ಟು ಕಂತುಗಳಲ್ಲಿ ಸಿಂಪಡಿಸಬೇಕೆಂಬುದನ್ನು ಗಣಕ ನಿರ್ಧರಿಸುತ್ತದೆ. ಆ ಗಣಕಕ್ಕೆ ಕಣ್ಣು ಕಿವಿಗಳಾಗಿ ಹಲವು ಸೆನ್ಸಾರ್‌ಗಳು. ಒಂದು ಕಣ್ಣು ಮಂಜಾದರೂ ಗಣಕ ಎಂಜಿನ್ನನ್ನು ಕಾಪಾಡಲೆಂದು ಅದರ ಬಲವನ್ನು ಕುಗ್ಗಿಸುತ್ತದೆ. ನಂದಗಡದ ಹತ್ತಿರ ನಮ್ಮ ಗಾಡಿ ಕುಂಟಿದ್ದು ಹೀಗೆ.

ಇಷ್ಟು ಸೂಕ್ಷ್ಮ ಏರ್ಪಾಡು ಯಾರಿಗಾಗಿ ಎಂದು ನೀವು ಕೇಳಬಹುದು. ನಮ್ಮ ಪುಪ್ಪುಸಗಳಿಗಾಗಿ. ವಿದ್ಯಾರ್ಥಿಗಳು ಈ ಅಂಕಿಗಳನ್ನು ಬರೆದುಕೊಳ್ಳಲಿ. ಪಿಕಪ್ಪಿನಂಥ ಭಾರದ ಸರಕು ಗಾಡಿಗೆ ಬಿಎಸ್-3 ಮಾನದಂಡದಲ್ಲಿ ಕಿಲೋಮೀಟರಿಗೆ 0.10 ಗ್ರಾಮ್ ಮಸಿಕಣಗಳಿಗೆ ಅವಕಾಶವಿತ್ತು. 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಅನ್ವಯವಾದ ಬಿಎಸ್-4ರಲ್ಲಿ ಅದು 0.06ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6ರಲ್ಲಿ 0.0045. ಅಂದರೆ ಬಿಎಸ್-6 ಗಾಡಿಯೊಂದಕ್ಕೆ ಬಿಎಸ್-3 ಎಂಜಿನ್ ಕೂರಿಸಿದರೆ, ಆ ಎಂಜಿನ್ ಹೊಚ್ಚಹೊಸದಾಗಿದ್ದರೂ, ಇಪ್ಪತ್ತಕ್ಕೂ ಹೆಚ್ಚು ಗಾಡಿಗಳ ಮಸಿಯನ್ನು ಒಂದೇ ಗಾಡಿ ಉಗುಳಲು ದಾರಿ ಮಾಡಿದಂತೆ. ಗುಜರಿಯಿಂದ ಬಂದ, ನಾಝಲ್ ಸವೆದ, ರಿಂಗು ಸಡಿಲಾದ ಎಂಜಿನ್ ತನ್ನ ಕಾಲದ ಮಾನದಂಡವನ್ನೂ ಪಾಲಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರ ಜೂನ್ ತಿಂಗಳಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹಲಸಿಯ ಗಾಳಿ ಶುದ್ಧವಾಗಿದೆ, ಒಂದು ಗಾಡಿಯಿಂದ ಏನಾದೀತು ಎನ್ನುವವರಿದ್ದಾರೆ. ಗಾಡಿಯ ಹೊಗೆ ಇಡೀ ಕಾಡಿಗೆ ಹಂಚಿಹೋಗುವ ಮೊದಲು ದೇವಸ್ಥಾನದ ಓಣಿಯಲ್ಲಿ, ಶಾಲೆಯ ಮುಂದೆ, ಗಾಡಿಯ ಹಿಂದೆ ಕುಳಿತವರ ಮುಖಕ್ಕೆ ತಟ್ಟುತ್ತದೆ.

ಇನ್ನು ನಮ್ಮ ಬಳಗದ ಕೆಲವು ತರುಣರ ವಾದ. ಹಳೆಯ ವಸ್ತುವನ್ನು ಕರಗಿಸಿ ಹೊಸದು ಮಾಡುವುದಕ್ಕಿಂತ ಇದ್ದುದನ್ನೇ ಬಳಸುವುದು ಪರಿಸರಕ್ಕೆ ಹಿತವಲ್ಲವೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಚೆನ್ನಾಗಿದೆ, ಅರ್ಧದಷ್ಟು ಸರಿಯೂ ಆಗಿದೆ. ಹಳೆಯ ಗಾಡಿಯಲ್ಲಿ ಅದರದೇ ಎಂಜಿನ್ನನ್ನು ಬೋರ್ ಮಾಡಿಸಿ, ಪಂಪು ನಾಝಲುಗಳನ್ನು ಸರಿಪಡಿಸಿ ಇನ್ನೈದು ವರ್ಷ ಓಡಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಮಾವಿನ ಕಸಿ ಕಟ್ಟಿದವರಿಗೆ ಒಂದು ಸಂಗತಿ ಗೊತ್ತು: ಮುದಿ ಮರದ ಕಡ್ಡಿಯನ್ನು ಎಳೆಯ ಬೇರಿಗೆ ಕಟ್ಟಿದರೆ ಆ ಕಡ್ಡಿಗೆ ಬೇರಿನ ಆಯುಸ್ಸು ಸಿಗುತ್ತದೆ. ಗುಜರಿಗೆ ಹೋಗಬೇಕಿದ್ದ ಹಳೆಯ ಎಂಜಿನ್ನನ್ನು 2018ರ ಚಾಸಿಗೆ ಕೂರಿಸಿದಾಗ, ಆ ಹೊಗೆಗೆ ಇನ್ನೂ ಹತ್ತು ವರ್ಷ ಆಯುಸ್ಸು ಕೊಟ್ಟಂತಾಯಿತು. ಅಮೆರಿಕದ ನಿಯಮ ಈ ವಿಷಯದಲ್ಲಿ ಸರಳವಾಗಿದೆ. ಅಲ್ಲಿ ಎಂಜಿನ್ ಬದಲಾಯಿಸಬಹುದು, ಆದರೆ ಹಾಕುವ ಎಂಜಿನ್ ಗಾಡಿಯ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಹಳೆಯದಾಗಿರಬಾರದು. ನಮ್ಮ ಕಾನೂನಿಗಿಂತ ಇದು ಹೆಚ್ಚು ವಿವೇಕದ್ದೆಂದು ನನಗೆ ತೋರುತ್ತದೆ.

ನಮ್ಮ ಕಾನೂನು ಹೀಗಿದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿಗೆ 2000ದಲ್ಲಿ ತಂದ ತಿದ್ದುಪಡಿಯ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಅನಿಲ, ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಕಿಟ್ ಮೂಲಕ ಪರಿವರ್ತಿಸಲು ಷರತ್ತಿನ ಅವಕಾಶವಿದೆ. ಎಂಜಿನ್ ಬದಲಾವಣೆಯ ಪ್ರಸ್ತಾಪ ಬರುವ ಕಡೆ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಎಂಬ ಮಾತು ಬರುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182-ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಉಂಟು. ಬಾಡಿಗೆ ಸರಕು ಗಾಡಿ ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಪಾಸಿಂಗಿಗೆ ಹೋಗಲೇಬೇಕು. ಅಲ್ಲಿ ಎಂಜಿನ್ ಸಂಖ್ಯೆ ನೋಡುತ್ತಾರೆ.

ನೋಡಿದರೆ ನೋಡಿಕೊಳ್ಳೋಣ ಎನ್ನುವವರಿಗೆ ನನ್ನ ಉತ್ತರ ದಂಡದ್ದಲ್ಲ, ವಿಮೆಯದು. ಘಟ್ಟದಲ್ಲಿ ಅಪಘಾತವಾಯಿತೆನ್ನಿ. ದಾಖಲೆಯಲ್ಲಿರುವ ಎಂಜಿನ್ ಒಂದು, ಗಾಡಿಯಲ್ಲಿರುವುದು ಇನ್ನೊಂದು. ಪರಿಹಾರಕ್ಕೆ ತಕರಾರು ತೆಗೆಯಲು ವಿಮಾ ಕಂಪನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ಐದು ಮನೆಗಳ ಹೊಲ ಆ ಗಾಡಿಯ ಹಿಂದೆ ನಿಂತಿದೆ ಎಂಬುದನ್ನು ಮರೆಯಬಾರದು.

ಘಟ್ಟದ ಮಾತು ಬಂದದ್ದರಿಂದ ನಾನು ಅತ್ಯಂತ ಹೆಚ್ಚು ಹೆದರುವ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎಂಜಿನ್ ಬದಲಾಯಿಸುವುದೆಂದರೆ ನಾಲ್ಕು ಬೋಲ್ಟು ಬಿಚ್ಚಿ ನಾಲ್ಕು ಬಿಗಿಯುವುದೆಂದು ಹಲವರು ತಿಳಿದಿದ್ದಾರೆ. ಎಂಜಿನ್ ಕೂರುವ ರಬ್ಬರ್ ಮೌಂಟಿಂಗು, ಕ್ಲಚ್ಚಿನ ಮನೆ, ರೇಡಿಯೇಟರಿನ ಅಳತೆ, ಸ್ಟಿಯರಿಂಗ್ ಪಂಪಿನ ಬೆಲ್ಟು, ಸೈಲೆನ್ಸರಿನ ಕೊಳವೆ ಎಲ್ಲವನ್ನೂ ಹೊಂದಿಸಬೇಕು. ಇವುಗಳಲ್ಲಿ ತಪ್ಪಿದರೆ ಗಾಡಿ ಕಾಯುತ್ತದೆ, ಅಲುಗುತ್ತದೆ, ನಿಲ್ಲುತ್ತದೆ, ಅಷ್ಟೇ. ಬ್ರೇಕಿನಲ್ಲಿ ತಪ್ಪಿದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಪಿಕಪ್ಪಿನ ಬ್ರೇಕಿಗೆ ಕಾಲಿನ ಬಲ ಸಾಲದೆಂದು ಒಂದು ಬೂಸ್ಟರ್ ಇಟ್ಟಿರುತ್ತಾರೆ. ಅದು ಕೆಲಸ ಮಾಡುವುದು ನಿರ್ವಾತದಿಂದ. ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗ ತಾನೇ ನಿರ್ವಾತ ಹುಟ್ಟಿಸುತ್ತದೆ, ಡೀಸೆಲ್ ಎಂಜಿನ್ ಹಾಗೆ ಹುಟ್ಟಿಸುವುದಿಲ್ಲ. ಆದ್ದರಿಂದ ಅದಕ್ಕೆ ಪ್ರತ್ಯೇಕ ಪಂಪು ಬೇಕು. ಬಹಳಷ್ಟು ಎಂಜಿನ್ನುಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಗುಜರಿಯಿಂದ ತಂದ ಎಂಜಿನ್ನಿನ ಜೊತೆ ಸವೆದ ಪಂಪು ಬಂದರೆ, ಅಥವಾ ಅದರ ಸಾಮರ್ಥ್ಯ ಈ ಗಾಡಿಯ ಬೂಸ್ಟರಿಗೆ ಸಾಲದಿದ್ದರೆ, ಖಾನಾಪುರದ ಪೇಟೆಯಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಅನಮೋಡ ಘಟ್ಟದಲ್ಲೋ ಚೋರ್ಲಾದಲ್ಲೋ ಒಂದರ ಹಿಂದೊಂದು ತಿರುವಿನಲ್ಲಿ ಪದೇಪದೇ ಬ್ರೇಕ್ ಒತ್ತಿದಾಗ, ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಪೆಡಲು ಕಲ್ಲಿನಂತಾಗುತ್ತದೆ. ನಮ್ಮ ಮಿಸ್ತ್ರಿಗೆ ಇದನ್ನು ಕೇಳಿದೆ. ಪ್ರಾಮಾಣಿಕ ಮನುಷ್ಯ, ಅದನ್ನು ಅಳೆಯುವ ಗೇಜು ತನ್ನ ಬಳಿ ಇಲ್ಲವೆಂದು ಒಪ್ಪಿಕೊಂಡ.

ಹೊಂಗೆ ಎಣ್ಣೆಯ ವಿಷಯವನ್ನು ಯಾರಾದರೂ ಎತ್ತುತ್ತಾರೆಂದು ನನಗೆ ಗೊತ್ತಿತ್ತು, ಆಗಲೇ ಒಂದು ಚೀಟಿ ಬಂದಿದೆ. ಹಳೆಯ ಎಂಜಿನ್ನಾದರೆ ನಮ್ಮ ಬೇಲಿಯ ಹೊಂಗೆಯಿಂದಲೇ ಓಡಿಸಬಹುದಲ್ಲವೇ ಎಂದು ಚೀಟಿಯಲ್ಲಿದೆ. ಈ ಪ್ರಶ್ನೆ ನನ್ನ ಕ್ಷೇತ್ರಕ್ಕೆ ಸೇರಿದ್ದು, ನನಗೆ ಪ್ರಿಯವಾದದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ತಮ್ಮ ಸೂತ್ರ ಯೋಜನೆಯಲ್ಲಿ ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ ಬಾವಿಯ ನೀರೆತ್ತಿಸಿ ತೋರಿಸಿದ್ದಾರೆ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ 2007ರಿಂದ ಕೆಲಸ ಮಾಡಿದೆ. ಆದರೆ ಜನರೇಟರ್ ಒಂದೇ ವೇಗದಲ್ಲಿ, ಒಂದೇ ಜಾಗದಲ್ಲಿ, ಬಿಸಿಯಾಗಿ ಓಡುವ ಯಂತ್ರ. ಹಿಂಡಿದ ಹೊಂಗೆ ಎಣ್ಣೆಯ ಸ್ನಿಗ್ಧತೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು. ಹತ್ತು ಹೆಜ್ಜೆಗೆ ನಿಂತು ಹೊರಡುವ ಪಿಕಪ್ಪಿನಲ್ಲಿ, ನಮ್ಮ ಧನುರ್ಮಾಸದ ಚಳಿಯ ಮುಂಜಾವದಲ್ಲಿ, ಅದು ನಾಝಲಿನ ತುದಿಗೆ ಇದ್ದಲಿನಂತೆ ಕಟ್ಟಿಕೊಳ್ಳುತ್ತದೆ. ಸಂಸ್ಕರಿಸಿ ಬಯೋಡೀಸೆಲ್ ಮಾಡಿಕೊಂಡರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಆದರೆ ಅದಕ್ಕೆ ಮೆಥನಾಲ್ ಬೇಕು, ಶುದ್ಧೀಕರಣದ ಶಿಸ್ತು ಬೇಕು. ಹೊಂಗೆಯನ್ನು ನೆಡೋಣ, ಹಿಂಡಿಯನ್ನು ಗದ್ದೆಗೆ ಹಾಕೋಣ. ಎಣ್ಣೆಯನ್ನು ನಿಂತಲ್ಲಿ ಓಡುವ ಪಂಪುಸೆಟ್ಟಿನಲ್ಲಿ ಪ್ರಯೋಗಿಸೋಣ. ಪಿಕಪ್ಪಿನ ಎಂಜಿನ್ ಬದಲಾವಣೆಗೆ ಅದನ್ನು ಸಬೂಬಾಗಿಸುವುದು ಬೇಡ.

ಇಷ್ಟೆಲ್ಲ ಹೇಳಿದರೂ ಮೂಲ ಪ್ರಶ್ನೆ ಉಳಿದೇ ಇದೆ. ನಮ್ಮ ಪಾಲುದಾರರ ಮನೆಯ ಹಿರಿಯ ತಾಯಿಯೊಬ್ಬರು ಸಭೆಯಲ್ಲಿ ಕೇಳಿದರು: "ತಮ್ಮಾ, ಗಾಡಿ ಹೊಗಿ ಬಿಟ್ರ ಬಿಡ್ಲಿ. ರಾತ್ರಿ ಬಸರಿ ಹೆಣಮಗಳನ್ನ ಕರಕೊಂಡು ಹೋಗೂ ಮುಂದ ಚಾಲೂ ಆಗ್ತದೋ ಇಲ್ಲೋ ಅಷ್ಟ ಹೇಳು." ನನ್ನ ಅಂಕಿಸಂಖ್ಯೆಗಳು ಆ ಕ್ಷಣ ಬಾಯಲ್ಲೇ ಉಳಿದವು. 2024ರ ಮಳೆಗಾಲದಲ್ಲಿ ಭೀಮಗಡದ ಕಾಡಿನೊಳಗಿನ ಆಮಗಾಂವದಿಂದ ರೋಗಿಯೊಬ್ಬರನ್ನು ಕಟ್ಟಿಗೆಗೆ ಕಟ್ಟಿದ ಡೋಲಿಯಲ್ಲಿ ಮೈಲುಗಟ್ಟಲೆ ಹೊತ್ತು ತಂದದ್ದನ್ನು ಪತ್ರಿಕೆಗಳಲ್ಲಿ ನೀವೆಲ್ಲ ಓದಿದ್ದೀರಿ. ಈ ತಾಲ್ಲೂಕಿನಲ್ಲಿ ನಂಬಲರ್ಹವಾದ ಒಂದು ಗಾಡಿ ಎಂದರೇನೆಂಬುದನ್ನು ಪಟ್ಟಣದಲ್ಲಿ ಕುಳಿತು ಹೊಗೆಯ ಲೆಕ್ಕ ಹಾಕುವವರು ಅರಿಯರು. ಆ ತಾಯಿಗೆ ಕೊಡಬೇಕಾದ ಉತ್ತರ ಹೊಗೆಯದಲ್ಲ, ಗಾಡಿ ಚಾಲೂ ಆಗುವುದರದೇ ಆಗಿರಬೇಕು.

ಆದ್ದರಿಂದ ನಾವು ಎಂಜಿನ್ ಇಳಿಸುವ ಮೊದಲು ಒಂದು ವಾರ ಅವಕಾಶ ಕೇಳಿಕೊಂಡೆವು. ಬೆಳಗಾವಿಯಲ್ಲಿ ಕೆಲಸ ಮಾಡುವ ನಮ್ಮೂರ ಕಡೆಯ ಡಿಪ್ಲೊಮಾ ಓದಿದ ಹುಡುಗನೊಬ್ಬ ಭಾನುವಾರ ಲ್ಯಾಪ್‌ಟಾಪು, ಮೀಟರು ಹಿಡಿದುಕೊಂಡು ಬಂದ. ಗಾಡಿಯ ಗಣಕದಲ್ಲಿ ದಾಖಲಾಗಿದ್ದ ದೋಷಸಂಖ್ಯೆಯನ್ನು ಓದಿದ. ಅದು ಇಂಜೆಕ್ಟರಿನದಲ್ಲ, ಕೊಳವೆಯ ಒತ್ತಡ ಅಳೆಯುವ ಸೆನ್ಸಾರಿನ ದಾರಿಯದು. ವೈರನ್ನು ಹಿಡಿದುಕೊಂಡೇ ಹೋದ. ಎಂಜಿನ್ನಿನ ಹಿಂಬದಿಯಲ್ಲಿ, ಕೈ ಹೋಗದ ಜಾಗದಲ್ಲಿ, ವೈರಿನ ಹೊದಿಕೆಯನ್ನು ಇಲಿ ಕಡಿದು ತಾಮ್ರ ಕಾಣುವಂತೆ ಮಾಡಿತ್ತು. ಒಣಗಿದಾಗ ಸರಿ, ಮಳೆ ತಾಗಿದಾಗ ದೀಪ! ಗಾಡಿಯನ್ನು ನಿಲ್ಲಿಸುತ್ತಿದ್ದುದು ನಮ್ಮದೇ ಭತ್ತದ ಕಣಜದ ಪಕ್ಕದಲ್ಲಿ. ಇಲಿಗಳ ನಿರ್ವಹಣೆಯ ಕುರಿತು ಊರೂರು ತಿರುಗಿ ಉಪನ್ಯಾಸ ಕೊಟ್ಟವನು ನಾನು. ಆ ದಿನ ನನ್ನ ಪಾಲುದಾರರು ನನ್ನ ಮುಖ ನೋಡಿ ನಕ್ಕದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಒಂದು ಗೇಣು ವೈರು, ಒಂದು ಹೊದಿಕೆ ಕೊಳವೆ, ಅರ್ಧ ದಿನದ ಕೆಲಸ. ಬದಲಾಯಿಸಿದ್ದ ಎರಡು ಇಂಜೆಕ್ಟರುಗಳಿಗೂ ಈ ರೋಗಕ್ಕೂ ಸಂಬಂಧವೇ ಇರಲಿಲ್ಲ.

ಇದರಿಂದ ಹೊಸ ಎಂಜಿನ್ ನಿರ್ದೋಷಿ ಎಂದು ನಾನು ಸಾಧಿಸುತ್ತಿಲ್ಲ. ಇಲಿ ಕಡಿದರೆ ನಿಲ್ಲುವ ಗಾಡಿಯನ್ನು ಹಳ್ಳಿಗೆಂದು ಮಾರುವವರು ವೈರನ್ನು ಇಲಿಗೆ ಎಟುಕದಂತೆ ಹಾಯಿಸಬೇಕಾಗಿತ್ತು. ಬಿಎಸ್-6 ಗಾಡಿಗಳಲ್ಲಿ ಮಸಿ ಹಿಡಿಯುವ ಜಾಲರಿಯೊಂದಿದೆ. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆಯ ಬಿಸಿ ಸುಮಾರು 600 ಡಿಗ್ರಿಗೆ ಏರಬೇಕು. ಮನೆಯಿಂದ ಗದ್ದೆಗೆ, ಗದ್ದೆಯಿಂದ ಡೇರಿಗೆ ಎರಡೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಅದು ಏರುವುದೇ ಇಲ್ಲ, ಜಾಲರಿ ಕಟ್ಟಿಕೊಳ್ಳುತ್ತದೆ. ಕೆಲವರು ಜಾಲರಿಯನ್ನೇ ಕಿತ್ತೆಸೆಯುತ್ತಾರೆ. ಅದು ಕೂಡ ಎಂಜಿನ್ ಬದಲಾವಣೆಯ ತಮ್ಮನೇ. ವಾರಕ್ಕೊಮ್ಮೆ ಬೆಳಗಾವಿ–ಖಾನಾಪುರ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಬಹುಪಾಲು ತೊಂದರೆ ತಪ್ಪುತ್ತದೆ ಎಂಬುದನ್ನು ಗಾಡಿ ಮಾರುವಾಗಲೇ ಕನ್ನಡದಲ್ಲಿ, ಮರಾಠಿಯಲ್ಲಿ ಹೇಳಬೇಕಲ್ಲವೇ? ಕೈಪಿಡಿ ಮಾತ್ರ ಇಂಗ್ಲಿಷಿನಲ್ಲಿದೆ.

ನನ್ನ ದೃಷ್ಟಿಯಲ್ಲಿ ನಾವು ಕೇಳಬೇಕಾದದ್ದು ಹಳೆಯ ಎಂಜಿನ್ನನ್ನಲ್ಲ, ಹೊಸ ಎಂಜಿನ್ನನ್ನು ಬಿಚ್ಚುವ ಹಕ್ಕನ್ನು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿಯೇ ಮೋಟಾರು ಗಾಡಿಗಳ ರಿಪೇರಿಯ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು ಮತ ಹಾಕಿದರು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಕುರಿತು ಸಮಿತಿ ರಚಿಸಿದಾಗ ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ಮೋಟಾರು ಗಾಡಿಗಳೂ ಇದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆದರು. ಜಾಲತಾಣದಲ್ಲಿ ಕಂಪನಿಗಳ ಸಹಾಯವಾಣಿಯ ಸಂಖ್ಯೆ ಇದ್ದರೆ ಹಲಸಿಯ ಮಿಸ್ತ್ರಿಯ ಕೈಗೆ ವೈರಿಂಗಿನ ನಕ್ಷೆ ಬಂದಂತಾಗುವುದಿಲ್ಲ. ಆ ನಕ್ಷೆ, ದೋಷಸಂಖ್ಯೆಗಳ ಪಟ್ಟಿ, ನ್ಯಾಯವಾದ ಬೆಲೆಯ ಬಿಡಿಭಾಗ, ಈ ಮೂರನ್ನೂ ಕಾನೂನಿನ ಮೂಲಕ ಕೊಡಿಸಬೇಕೆಂದು ಬಳಗದ ಪರವಾಗಿ ಒಂದು ಮನವಿ ಸಿದ್ಧವಾಗಿದೆ. ಹೊರಗೆ ಮೇಜಿನ ಮೇಲಿದೆ, ಓದಿ ಒಪ್ಪಿಗೆಯಾದರೆ ಸಹಿ ಹಾಕಿ.

ಸರ್ಕಾರ ಎಚ್ಚರಗೊಳ್ಳುವವರೆಗೆ ನಾವು ಮಾಡಿಕೊಂಡದ್ದು ಇಷ್ಟು. ದೋಷಸಂಖ್ಯೆ ಓದುವ ಒಂದು ಸಣ್ಣ ಉಪಕರಣವನ್ನು ಐದು ಮನೆಯವರು ಸೇರಿ ಕೊಂಡು ಮಿಸ್ತ್ರಿಯ ಗ್ಯಾರೇಜಿನಲ್ಲಿ ಇಟ್ಟಿದ್ದೇವೆ. ಮೊಬೈಲಿಗೆ ಜೋಡಿಸಿದರೆ ಕೆಲಸ ಮಾಡುತ್ತದೆ. ಬೇರೆಯವರ ಗಾಡಿಗೂ ಆತ ಬಳಸಲಿ. ಡೀಸೆಲ್ ಫಿಲ್ಟರಿನ ಕೆಳಗಿನ ನೀರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಡುವುದು ಯಾರ ಕೆಲಸವೆಂದು ಸರದಿ ಹಾಕಿದ್ದೇವೆ. ವೈರಿಗೆಲ್ಲ ತಂತಿಬಲೆಯ ಹೊದಿಕೆ ಬಂದಿದೆ. ಗಾಡಿ ಈಗ ಕಣಜದಿಂದ ದೂರ ನಿಲ್ಲುತ್ತದೆ. ಮಿಸ್ತ್ರಿಯ ಮಗ ಐ.ಟಿ.ಐ. ಮುಗಿಸಿದ್ದಾನೆ, ಅವನನ್ನು ಬೆಳಗಾವಿಯ ಆ ಹುಡುಗನ ಬಳಿ ಭಾನುವಾರಗಳಂದು ಕಳುಹಿಸುತ್ತಿದ್ದೇವೆ. ಮೊದಲು ತಂದೆಗೆ ಇದು ಅಷ್ಟಾಗಿ ರುಚಿಸಲಿಲ್ಲ; ಈಗ ಮಗ ತಂದ ಪುಸ್ತಕವನ್ನು ತಾನೂ ತಿರುವಿ ಹಾಕುತ್ತಿದ್ದಾನೆ.

ಇನ್ನು ಆ 2012ರ ಎಂಜಿನ್ ಏನಾಯಿತೆಂದು ಹಲವರು ಕೇಳಿದ್ದೀರಿ. ಪಕ್ಕದ ಊರಿನ ರೈತರೊಬ್ಬರ ಬಳಿ ಅದೇ ತಯಾರಿಕೆಯ, ಅದೇ ಮಾದರಿಯ ಹಳೆಯ ಪಿಕಪ್ಪಿದೆ. ಅದರ ಎಂಜಿನ್ನಿನ ಬ್ಲಾಕು ಬಿರುಕು ಬಿಟ್ಟಿದೆ. ಅಲ್ಲಿಗೆ ಇದು ಸರಿಯಾಗಿ ಹೊಂದುತ್ತದೆ. ಆದರೆ ಕೊಳ್ಳುವ ಮೊದಲು ಎರಡು ಕಾಗದ ನೋಡಿ ಎಂದು ಅವರಿಗೆ ಹೇಳಿದ್ದೇವೆ: ಮಾರಾಟದ ಬಿಲ್ಲು, ಮತ್ತು ಆ ಅಪಘಾತದ ಗಾಡಿಯ ನೋಂದಣಿ ರದ್ದಾದ ದಾಖಲೆ. ಇಲ್ಲವಾದರೆ ಕಳವಿನ ಎಂಜಿನ್ ಕೊಂಡ ಆರೋಪ ಬರಬಹುದು. ಆಮೇಲೆ ಬೆಳಗಾವಿಯ ಆರ್.ಟಿ.ಓ. ಕಚೇರಿಯಲ್ಲಿ ಅರ್ಜಿ ಕೊಟ್ಟು ಅನುಮತಿ ಪಡೆದು ಹೊಸ ಎಂಜಿನ್ ಸಂಖ್ಯೆಯನ್ನು ಆರ್.ಸಿ.ಯಲ್ಲಿ ಬರೆಸಬೇಕು. ನಾಝಲುಗಳನ್ನು ಪರೀಕ್ಷಿಸಿ ಹೊಗೆ ತಪಾಸಣೆ ಮಾಡಿಸಿಯೇ ಗಾಡಿ ಹೊರಗೆ ಬರುತ್ತದೆಂದು ಮಿಸ್ತ್ರಿ ಒಪ್ಪಿಕೊಂಡಿದ್ದಾನೆ. ಬೆಳಗಾವಿಯಿಂದ ನಿರ್ವಾತ ಅಳೆಯುವ ಗೇಜನ್ನೂ ತರಿಸುತ್ತಿದ್ದಾನೆ.

ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಎಂಜಿನ್ನಿನ ಹೆಡ್ಡು ಬಿಚ್ಚುತ್ತಾರೆ. ಪಿಸ್ಟನ್, ವಾಲ್ವು, ನಾಝಲುಗಳನ್ನು ಕಣ್ಣಾರೆ ನೋಡಬಯಸುವ ವಿದ್ಯಾರ್ಥಿಗಳು ಗ್ಯಾರೇಜಿಗೆ ಬನ್ನಿ. ಹಳೆಯ ಅಂಗಿ ಹಾಕಿಕೊಂಡು ಬನ್ನಿ. ಈಗ ಆ ಚೀಟಿ ಬರೆದವರು ಯಾರೆಂದು ಕೈಯೆತ್ತಿದರೆ ಹೊಂಗೆಯ ಮಾತನ್ನು ಮುಂದುವರಿಸೋಣ.